ಕಿಟಕಿ ಹಾಡಿನ ಗುನುಗು

ಬೀದಿಯವರು ಅವನಿಗೆ ಡಿಟ್ಟೋ ಎಂದು ಹೆಸರಿಟ್ಟದ್ದು ಗೇಲಿಗೆ. ಅವನು ಅದನ್ನು ಬಿರುದು ಎಂದುಕೊಂಡ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ "ಏನ್ ಡಿಟ್ಟೋ ಸಾರ್, ಈಗ ಯಾವ ಹಾಡಿಗೆ ಗ್ರಹಚಾರ?" ಎಂದು ಕೇಳಿದರೆ ಆ ಮಾತಿನ ಮುಳ್ಳು ಅವನಿಗೆ ತಾಗುತ್ತಲೇ ಇರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಹಾಡು ಯಾವುದೆಂದು ಹೇಳಿ, ಅದರಲ್ಲಿ ಪಿಟೀಲು ಎಷ್ಟು, ಗಿಟಾರು ಯಾವ ಕಿವಿಯಲ್ಲಿ ಕೇಳಬೇಕು, ಡ್ರಮ್ಮಿನವನು ಎಲ್ಲಿ ಅವಸರ ಮಾಡಿದ್ದಾನೆ ಎಂದು ಬಿಡಿಸಿ ಹೇಳಲು ಶುರುಮಾಡುತ್ತಿದ್ದ. ಕೇಳಿದ ತಪ್ಪಿಗೆ ಆ ಪ್ರಾಣಿ ತರಕಾರಿ ಚೀಲ ಹಿಡಿದುಕೊಂಡು ಬಿಸಿಲಲ್ಲಿ ನಿಂತಿರಬೇಕಾಗುತ್ತಿತ್ತು.

ಹೊಟ್ಟೆಪಾಡಿಗೆ ಅವನದು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಗಿರಾಕಿಗಳು ಗೋಡೆಯಿಂದ ಕಿತ್ತ ಚಕ್ಕೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ಇದೇ ಬಣ್ಣ ಬೇಕು ಎನ್ನುತ್ತಿದ್ದರು. ಅವನು ಚಕ್ಕೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮಷೀನಿನ ಗುಂಡಿ ಒತ್ತಿ, ಡಬ್ಬಿಯನ್ನು ಗಡಗಡ ಅಲುಗಾಡಿಸಿ, ಒಂದು ತೊಟ್ಟನ್ನು ಅದೇ ಚಕ್ಕೆಯ ಮೇಲೆ ಇಡುತ್ತಿದ್ದ. ಒಣಗಿದ ಮೇಲೆ ತೊಟ್ಟು ಎಲ್ಲಿದೆ ಎಂದು ಹುಡುಕಬೇಕು, ಹಾಗೆ ಹೊಂದುತ್ತಿತ್ತು. ಕೆಲಸ ಬಲ್ಲವನು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಕೆಲಸದ ಜೊತೆಗೆ ಅವನಿಗೆ ಒಂದು ಕೊಂಬೂ ಬಂದುಬಿಟ್ಟಿತ್ತು. "ಸ್ವಲ್ಪ ಕೆನೆ ತರ, ಆದ್ರೆ ಕೆನೆ ಅಲ್ಲ" ಎಂದು ಒಬ್ಬ ಹೆಂಗಸು ಪಾಪ ಕೈ ತಿರುಗಿಸಿ ಹೇಳಿದರೆ, "ಹಾಗಾದ್ರೆ ಒಡೆದ ಹಾಲಿನ ತರ ಇರ್ಲಾ ಅಮ್ಮಾ?" ಎಂದು ಕೇಳುತ್ತಿದ್ದ. ಲೋಕದಲ್ಲಿ ಯಾರಿಗೂ ಕಣ್ಣಿಲ್ಲ, ಯಾರಿಗೂ ಕಿವಿಯಿಲ್ಲ, ಎರಡೂ ಇರುವವನು ತಾನೊಬ್ಬನೇ ಎಂಬುದು ಅವನ ಗಟ್ಟಿ ನಂಬಿಕೆ.

ಮನೆ ಎರಡನೇ ಮಹಡಿಯಲ್ಲಿ. ಅಡುಗೆಮನೆಯ ಗೋಡೆಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ. ಮೊದಲು ಅಲ್ಲಿ ಹೆಂಡತಿಯ ಹೊಲಿಗೆ ಮಷೀನು ಇತ್ತು. ಅವಳು ಅಂಗಡಿಗಳಿಗೆ ಪರದೆ ಹೊಲಿದು ಕೊಡುತ್ತಿದ್ದಳು. ಕಂಪ್ಯೂಟರ್ ಬಂದ ದಿನ ಹೊಲಿಗೆ ಮಷೀನು ಬಾಗಿಲಾಚೆಯ ಪ್ಯಾಸೇಜಿಗೆ ಹೋಯಿತು, ಅದರ ಕಟಕಟ ಮೈಕಿಗೆ ಬೀಳುತ್ತದೆ ಎಂದು. ಅಂದಿನಿಂದ ಅವಳು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತು ಹೊಲಿಯುತ್ತಾಳೆ. ಕೋಣೆಯ ಗೋಡೆಗೆಲ್ಲ ಸದ್ದು ತಡೆಯಲು ಹಳೆ ಹಾಸಿಗೆ, ಮೊಟ್ಟೆ ಇಡುವ ರಟ್ಟಿನ ಟ್ರೇ. ಮೇಜಿನ ಮೇಲೆ ಕೀಬೋರ್ಡು, ಎರಡು ಸ್ಪೀಕರು, ಹೆಡ್‌ಫೋನು, ಕೆಂಪು ದೀಪದ ಒಂದು ಮೈಕು. ಮೇಲೆ ಅಡುಗೆಮನೆಗೆ ತೆರೆದುಕೊಳ್ಳುವ ಗಾಳಿಕಿಂಡಿ. ಒಳಗೆ ಹೋದವರಿಗೆ ಮೊದಲು ಬಡಿಯುತ್ತಿದ್ದದ್ದು ಹಳೆ ಹತ್ತಿಯ ವಾಸನೆ. ಅದನ್ನು ಅವನು ಸ್ಟುಡಿಯೋ ಎನ್ನುತ್ತಿದ್ದ, ಹೆಂಡತಿ ಹಾಸಿಗೆ ಕೋಣೆ ಎನ್ನುತ್ತಿದ್ದಳು.

ಅಲ್ಲಿ ಅವನು ಮಾಡುತ್ತಿದ್ದದ್ದು ಒಂದೇ ಕೆಲಸ. ಹಳೆಯ ಹಾಡೊಂದನ್ನು ಹಿಡಿದು, ಅದರ ಒಂದೊಂದು ವಾದ್ಯವನ್ನೂ ಕೇಳಿ, ಕೀಬೋರ್ಡಿನಲ್ಲಿ ನುಡಿಸಿ, ಕಂಪ್ಯೂಟರಿನಲ್ಲಿ ಪದರ ಪದರವಾಗಿ ಪೇರಿಸಿ, ಇಡೀ ಹಾಡನ್ನು ಮತ್ತೆ ಕಟ್ಟುವುದು. ದನಿಯೊಂದಿಲ್ಲ, ಉಳಿದದ್ದೆಲ್ಲ ಇದೆ. ಅದಕ್ಕೆ ಟ್ರ್ಯಾಕ್ ಎಂದು ಹೆಸರು. ಹಾಡುವ ಚಪಲ ಇರುವವರು ಬಂದು ತೆಗೆದುಕೊಂಡು ಹೋಗುತ್ತಿದ್ದರು. ತಾನು ಹಾಡುವುದಿಲ್ಲ, ಒಂದು ಸಾಲು ರಾಗವನ್ನೂ ಸ್ವಂತವಾಗಿ ಕಟ್ಟಿದವನಲ್ಲ.

ಹೆಂಡತಿಯ ತಮ್ಮ ಶಾಲೆಯ ವ್ಯಾನ್ ಓಡಿಸುವವನು, ಬಾಯಿಗೆ ಬೀಗವಿಲ್ಲದವನು. ಬಂದಾಗಲೆಲ್ಲ ಕೆಣಕದೆ ಹೋಗುತ್ತಿರಲಿಲ್ಲ. "ಭಾವ, ನಿಮ್ಮ ಸ್ವಂತದ್ದು ಒಂದಾದ್ರೂ ಮಾಡಿದೀರಾ?"

"ಸ್ವಂತದ್ದು ಯಾರ್ ಬೇಕಾದ್ರೂ ಮಾಡ್ತಾರಪ್ಪ. ಇದ್ದಿದ್ದನ್ನ ಇದ್ದ ಹಾಗೇ ಮಾಡೋದಿದೆಯಲ್ಲ, ಅದು ಕಷ್ಟ."

"ಇದ್ದಿದ್ದು ಇದ್ದ ಹಾಗೇ ಇದೆಯಲ್ಲ ಭಾವ! ಮೊಬೈಲಲ್ಲಿ ಒತ್ತಿದ್ರೆ ಬರುತ್ತೆ."

ಇಂಥ ಮಾತಿಗೆ ಡಿಟ್ಟೋ ಮೂಗಿನಲ್ಲೇ ಒಂದು ಸದ್ದು ಹೊರಡಿಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಬಾಗಿಲಿಗೂ ಹಾಸಿಗೆ ಹೊಡೆದಿದ್ದರಿಂದ ಅದನ್ನು ದಡಾರನೆ ಹಾಕುವ ಸುಖವೂ ಅವನಿಗಿರಲಿಲ್ಲ.

ಅವನ ತಿರಸ್ಕಾರಕ್ಕೆ ಹೆಚ್ಚಾಗಿ ಗುರಿಯಾಗುತ್ತಿದ್ದವರು ಅವನ ಟ್ರ್ಯಾಕನ್ನೇ ನಂಬಿ ಬರುತ್ತಿದ್ದ ಹಾಡುಗಾರರು. ಅವರಲ್ಲಿ ದೊಡ್ಡವರು ಸೋಫಾ ಯಜಮಾನರು. ಮುಖ್ಯರಸ್ತೆಯ ಸೋಫಾ ಅಂಗಡಿ ಅವರದು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು, ಹಾಡಿನ ಎತ್ತರದ ಜಾಗ ಬಂದಾಗ ಹಿಮ್ಮಡಿ ಎತ್ತಿ ನಿಲ್ಲುವವರು. ಹಿಮ್ಮಡಿ ಎದ್ದರೂ ದನಿ ಏಳುತ್ತಿರಲಿಲ್ಲ. ಡಿಟ್ಟೋ ಅವರೆದುರಿಗೆ "ಏನ್ ಸಾರ್ ದನಿ!" ಎಂದು ಹಲ್ಲು ಕಿರಿದು, ಅವರು ಮೆಟ್ಟಿಲು ಇಳಿಯುತ್ತಲೇ ಅವರ ದನಿಯನ್ನು ಕಂಪ್ಯೂಟರಿನಲ್ಲಿ ಹಾಕಿ, ಒಂದೊಂದು ಸ್ವರವನ್ನೂ ಕಿವಿ ಹಿಂಡಿ ಸರಿ ಜಾಗಕ್ಕೆ ಎಳೆದು ತರುತ್ತಿದ್ದ. ಯಜಮಾನರು ಅದನ್ನು ಕೇಳಿ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಇಬ್ಬರು ಸುಳ್ಳರ ನಡುವೆ ಗಾಢ ಸ್ನೇಹವಿತ್ತು.

ಸ್ವರದ ಸುಳ್ಳನ್ನೂ ನಿಜವನ್ನೂ ತೋರಿಸುತ್ತಿದ್ದದ್ದು ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಗೆರೆ. ದನಿ ಶ್ರುತಿಯಲ್ಲಿದ್ದರೆ ಗೆರೆ ತನ್ನ ಪಟ್ಟಿಯ ನಡುವೆ ಇರುತ್ತದೆ, ಇಳಿದರೆ ಕೆಳಗೆ ಜೋತುಬೀಳುತ್ತದೆ. ಆ ಗೆರೆ ಬಂದಂದಿನಿಂದ ಡಿಟ್ಟೋ ಕಿವಿಯಿಂದ ಹಾಡು ಕೇಳುವುದನ್ನೇ ಬಿಟ್ಟಿದ್ದ. ಯಾರೇ ಹಾಡಿದರೂ ಅವನ ಕಣ್ಣು ಪರದೆಯ ಮೇಲೆ.

ಇಲ್ಲಿ ಹೆಂಡತಿಯ ವಿಷಯಕ್ಕೆ ಬರಬೇಕು. ಮದುವೆಯಾಗಿ ಬಂದಾಗ ಅವಳಿಗೆ ಕೆಲಸ ಮಾಡುತ್ತ ಗುನುಗುವ ಅಭ್ಯಾಸವಿತ್ತು. ಅವಳಿಗೆ ಅತಿ ಇಷ್ಟದ್ದು ಕಿಟಕಿ ಹಾಡು. ಹಳೆಯ ಯಾವುದೋ ಚಿತ್ರದ್ದು. ಚಿತ್ರ ಯಾರಿಗೂ ನೆನಪಿಲ್ಲ, ನಾಯಕಿ ಕಿಟಕಿಯ ಸರಳು ಹಿಡಿದು ನಿಂತಿರುತ್ತಾಳೆ ಎಂಬುದಷ್ಟೇ ನೆನಪು. ಹಾಡು ಗಂಡಸಿನದು. ಎರಡು ಚರಣಗಳ ನಡುವೆ ಮಾತ್ರ, ವಾದ್ಯಗಳೆಲ್ಲ ಸುಮ್ಮನಾಗಿ, ಒಂದು ಹೆಣ್ಣುದನಿ ಬಾಯಿ ತೆರೆಯದೆ ಗುನುಗುತ್ತದೆ. ಅಷ್ಟಕ್ಕೇ ಜನ ಆ ಹಾಡನ್ನು ಕೇಳುತ್ತಿದ್ದರು.

ಕಂಪ್ಯೂಟರ್ ಬಂದ ಹೊಸತರಲ್ಲಿ, ಒಂದು ಭಾನುವಾರ, ತಮ್ಮನೂ ಊಟಕ್ಕೆ ಬಂದಿದ್ದಾಗ, ಡಿಟ್ಟೋ ಅವಳನ್ನು ಮೈಕಿನ ಮುಂದೆ ಕೂರಿಸಿ "ಎಲ್ಲಿ, ಅದನ್ನೊಮ್ಮೆ ಹೇಳು" ಎಂದ. ಅವಳು ನಾಚಿಕೊಂಡು, ಕಣ್ಣು ಮುಚ್ಚಿ ಗುನುಗಿದಳು. ತಮ್ಮ ಚಪ್ಪಾಳೆ ತಟ್ಟಲು ಕೈ ಎತ್ತಿದ. ಡಿಟ್ಟೋ ಅವನನ್ನು ತಡೆದು ಪರದೆ ತೋರಿಸಿದ.

"ನೋಡು, ಗೆರೆ ಇಲ್ಲಿರ್ಬೇಕು. ನಿಂದೆಲ್ಲಿದೆ? ನೆಲ ಗುಡಿಸ್ತಾ ಇದೆ."

"ಹಾಡಲ್ಲೇ ಹಾಗಿದೆ ಕಣ್ರೀ. ಆ ಜಾಗದಲ್ಲಿ ಅವಳು ಸ್ವಲ್ಪ ಇಳಿದು, ಆಮೇಲೆ ಹತ್ತುತ್ತಾಳೆ."

"ಹಾಡಲ್ಲಿ ಹಾಗಿಲ್ಲ. ನಿನ್ನ ಕಿವೀಲಿ ಹಾಗಿದೆ."

ಎಂದು ನಕ್ಕ. ಅಷ್ಟಕ್ಕೆ ಬಿಡದೆ ಅದೇ ಜಾಗವನ್ನು ಮತ್ತೆ ಮತ್ತೆ ಹಾಕಿ ಕೇಳಿಸಿದ, ಅವಳ ದನಿ ಅದೇ ತಗ್ಗಿನಲ್ಲಿ ಮತ್ತೆ ಮತ್ತೆ ಇಳಿಯುವಂತೆ. ಅವಳು ಎದ್ದು ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಅಂದಿನಿಂದ ಅವಳು ಗುನುಗುವುದನ್ನು ನಿಲ್ಲಿಸಿದಳು. ಅವನ ಹಿರಿಮೆ ನೋಡಿ, ನಿಲ್ಲಿಸಿದ್ದೇ ಅವನಿಗೆ ಗೊತ್ತಾಗಲಿಲ್ಲ. ಈಚೆಗೆ ಮನೆಯಲ್ಲಿ ಸದ್ದು ಕಡಿಮೆ, ರೆಕಾರ್ಡಿಂಗಿಗೆ ಒಳ್ಳೆಯದಾಯಿತು ಎಂದುಕೊಂಡ. ವರ್ಷಗಳು ಹೀಗೇ ಹೋದವು.

ಒಂದು ದಿನ ಸೋಫಾ ಯಜಮಾನರು ಲವಂಗ ಅಗಿಯುತ್ತ ಬಂದು, ತಮ್ಮ ಅಂಗಡಿಯ ಮೇಲಿನ ಹಾಲ್‌ನಲ್ಲಿ ಹಳೆ ಹಾಡುಗಳ ಸಂಜೆ ಇಟ್ಟುಕೊಂಡಿದ್ದೇನೆ ಎಂದರು. ಊರಿನ ದೊಡ್ಡವರೆಲ್ಲ ಬರುತ್ತಾರೆ. ಕೊನೆಗೆ ಕಿಟಕಿ ಹಾಡು. "ಬೋರ್ಡಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ ಡಿಟ್ಟೋ ಅವ್ರೇ, ನನ್ನ ಹೆಸರಿನ ಕೆಳಗೇ. ಆದ್ರೆ ಆ ಹೆಂಗಸಿನ ಹಮ್ಮಿಂಗ್ ಇದೆ ನೋಡಿ, ಅದಿಲ್ದೆ ಹಾಡಿದ್ರೆ ಜನ ಎದ್ದು ಹೋಗ್ತಾರೆ. ಅದು ಹಾಗ್‌ಹಾಗೇ ಬರ್ಬೇಕು."

ಡಿಟ್ಟೋಗೆ ಅಟ್ಟ ಹತ್ತಿದಷ್ಟು ಸಂತೋಷ. ಇಷ್ಟು ವರ್ಷ ಇತರರ ಬಾಯಿಗೆ ಹಾಡು ಒದಗಿಸಿದವನಿಗೆ ಮೊದಲ ಸಲ ಒಂದು ಬೋರ್ಡಿನಲ್ಲಿ ಜಾಗ! ವಾದ್ಯಗಳನ್ನೆಲ್ಲ ಕೆಲವೇ ವಾರದಲ್ಲಿ ಕಟ್ಟಿ ಮುಗಿಸಿದ. ಹಳೇ ಗಿಟಾರಿನ ತಂತಿಯ ಕಿರುಗುಟ್ಟುವಿಕೆ ಕೂಡ ಬಿಡಲಿಲ್ಲ. ಉಳಿದದ್ದು ಆ ಗುನುಗು ಒಂದೇ.

ಹಾಡಿನಿಂದ ದನಿಯನ್ನು ಮಾತ್ರ ಬೇರೆ ಮಾಡುವ ಸಾಫ್ಟ್‌ವೇರ್ ಅಷ್ಟರಲ್ಲಿ ಬಂದಿತ್ತು. ಮೂಲ ಹಾಡನ್ನು ಅದಕ್ಕೆ ಹಾಕಿ, ಉಳಿದದ್ದನ್ನೆಲ್ಲ ಸೋಸಿ ತೆಗೆದು, ಆ ಹೆಣ್ಣುದನಿಯನ್ನು ಮಾತ್ರ ಪರದೆಯ ಮೇಲೆ ಬಿಟ್ಟ. ಹಳೇ ರೆಕಾರ್ಡಿನ ಕರಕರ ದನಿಗೇ ಅಂಟಿಕೊಂಡು ಬಂದಿದ್ದರಿಂದ ಅದನ್ನೇ ಟ್ರ್ಯಾಕಿಗೆ ಹಾಕುವಂತಿರಲಿಲ್ಲ, ಬೇರೆ ದನಿ ಬೇಕಿತ್ತು. ಹಸಿರು ಗೆರೆ ಪಟ್ಟಿಯ ನಡುವೆ ಹೊರಟು, ಒಂದು ಜಾಗದಲ್ಲಿ ಕೆಳಗೆ ಜೋತುಬಿದ್ದು, ಆಮೇಲೆ ಮೆಲ್ಲಗೆ ಹತ್ತಿತು. ಡಿಟ್ಟೋ ಹುಬ್ಬೇರಿಸಿದ. "ಎಂಥಾ ಗಾಯಕಿ! ಇಂಥಾ ತಪ್ಪನ್ನ ಹಾಗೇ ಬಿಟ್ಟಿದಾರಲ್ಲ" ಎಂದು ಆ ಕಾಲದವರನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ಬೈದ. ಹೆಂಡತಿ ಅಂದು ಹೇಳಿದ ಮಾತು ನೆನಪಾಯಿತೇ? ಇಲ್ಲ. ಅವನ ತಲೆಯಲ್ಲಿ ಎಲ್ಲ ಹಾಡುಗಳ ಎಲ್ಲ ವಾದ್ಯಗಳಿಗೂ ಜಾಗವಿತ್ತು, ಅದಕ್ಕೊಂದಕ್ಕೆ ಇರಲಿಲ್ಲ.

ಶಾಲೆಯೊಂದರ ಸಂಗೀತದ ಮೇಡಂ ಅವರನ್ನು ಕರೆಸಿದ. ಅವರು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಮುಖ ಸಿಂಡರಿಸಿದರು. "ಇಲ್ಲಿ ಅವರು ಸ್ವಲ್ಪ ಜಾರಿದಾರೆ ಸಾರ್. ಪರವಾಗಿಲ್ಲ, ನಾನು ಸರಿಯಾಗಿ ಹಾಡಿಬಿಡ್ತೀನಿ."

"ಸರಿಯಾಗಿ ಬೇಡ ಮೇಡಂ. ಅವರು ಜಾರಿದ ಹಾಗೇ ಜಾರಿ."

"ಬೇಕೂಂತ ಹೇಗೆ ಜಾರೋದು ಸಾರ್?"

ಪಾಪ, ಪ್ರಯತ್ನಪಟ್ಟರು. ಒಮ್ಮೆ ಜಾರಲೇ ಇಲ್ಲ, ಒಮ್ಮೆ ಧೊಪ್ಪನೆ ಬಿದ್ದರು, ಒಮ್ಮೆ ಜಾರಿದ್ದಕ್ಕೆ ತಾವೇ ನಕ್ಕುಬಿಟ್ಟರು. ಅವರು ಹೋದ ಮೇಲೆ ಡಿಟ್ಟೋ "ಇವರು ಮಕ್ಕಳಿಗೆ ಕಲಿಸ್ತಾರಂತೆ" ಎಂದು ಹೆಂಡತಿಗೆ ಕೇಳುವಂತೆ ಹೇಳಿದ. ಅವಳು ಹೊಲಿಯುತ್ತಿದ್ದ ಪರದೆಯ ಅಂಚು ಮಡಿಸುತ್ತ "ಹೂಂ" ಎಂದಳು. ಆಮೇಲೆ ಕಂಪ್ಯೂಟರಿನಲ್ಲೇ ಸಿಗುವ ಕೃತಕ ದನಿಯಿಂದ ಗುನುಗಿಸಿ ನೋಡಿದ. ಹೊಟ್ಟೆ ಒತ್ತಿದರೆ ಅಳುವ ಗೊಂಬೆಯ ಹಾಗೆ ಕೇಳಿಸಿತು. ಹಾಲ್‌ನ ಸಂಜೆ ಹತ್ತಿರ ಬರುತ್ತಿತ್ತು. ಡಿಟ್ಟೋಗೆ ಊಟ ರುಚಿಸುತ್ತಿರಲಿಲ್ಲ, ಮತ್ತು ರುಚಿಸದಿರುವುದಕ್ಕೆ ಅಡುಗೆಯೇ ಕಾರಣ ಎಂದು ಅವನು ತೀರ್ಮಾನಿಸಿದ್ದ.

ಆಗ ಒಂದು ಮಧ್ಯಾಹ್ನ ಅಂಗಡಿಯ ಬೀದಿಗೆಲ್ಲ ಕರೆಂಟು ಹೋಯಿತು. ಬಣ್ಣ ಬೆರೆಸುವ ಮಷೀನು ನಿಂತಿತು. ಸಂಜೆಯವರೆಗೂ ಬರುವುದಿಲ್ಲವೆಂದು ತಿಳಿದ ಮಾಲೀಕ ಎಲ್ಲರನ್ನೂ ಮನೆಗೆ ಕಳಿಸಿದ. ಡಿಟ್ಟೋ ಮೆಟ್ಟಿಲು ಹತ್ತಿ ತಿರುವಿಗೆ ಬಂದಾಗ ಮೇಲಿನಿಂದ ಕಿಟಕಿ ಹಾಡಿನ ಗುನುಗು ಕೇಳಿಸಿತು. ಯಾರ ಮನೆಯಲ್ಲೋ ಮೂಲ ಹಾಡನ್ನು ಹಾಕಿದ್ದಾರೆ ಎಂದುಕೊಂಡ. ಆದರೆ ವಾದ್ಯವಿರಲಿಲ್ಲ; ನಲ್ಲಿಯ ನೀರಿನ ಸದ್ದಿತ್ತು. ದನಿ ಆ ಜಾಗಕ್ಕೆ ಬಂದು, ಕೊಂಚ ಇಳಿದು, ಒಂದು ಕ್ಷಣ ಅಲ್ಲೇ ಉಳಿದು, ಮೆಲ್ಲಗೆ ಹತ್ತಿಕೊಂಡಿತು. ಆ ಭಾನುವಾರ, ಮೈಕಿನ ಮುಂದೆ ಮುಚ್ಚಿದ ಕಣ್ಣು, "ಹಾಡಲ್ಲೇ ಹಾಗಿದೆ ಕಣ್ರೀ" ಎಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವಳು ಹೇಳಿದ್ದೇ ಸರಿ. ತಾನು ಗೆರೆ ನೋಡಿದ್ದ, ಅವಳು ಹಾಡು ಕೇಳಿದ್ದಳು.

ಅವನು ಬಾಗಿಲು ತೆರೆದ. ಗುನುಗು ಅಲ್ಲೇ ತುಂಡಾಯಿತು.

"ಏನ್ರೀ, ಇಷ್ಟು ಬೇಗ?"

"ಅಂಗಡೀಲಿ ಕರೆಂಟ್ ಇಲ್ಲ."

ಒಂದು ಮಾತು ಹೇಳಬೇಕಿತ್ತು. ನೀನೇ ಸರಿ, ನಂದೇ ತಪ್ಪು. ಒಂದು ಸಲ ಮೈಕಿನ ಮುಂದೆ ಕೂತು ಗುನುಗು. ಅಷ್ಟು ಹೇಳಿದ್ದರೆ ಅವಳು ಬಂದು ಕೂರುತ್ತಿದ್ದಳೋ ಇಲ್ಲವೋ, ಆದರೆ ಹೇಳುವುದಕ್ಕೇನೂ ಕಷ್ಟವಿರಲಿಲ್ಲ. ಊಟದ ಮೇಜಿನ ಮುಂದೆ ಕೂತು ಡಿಟ್ಟೋ ಗಂಟಲು ಸರಿಮಾಡಿಕೊಂಡ. ಅವಳು ತಲೆ ಎತ್ತಿ ನೋಡಿದಳು.

"ಈ ಫ್ಯಾನ್ ಸದ್ದು ಈಚೆಗೆ ಜಾಸ್ತಿಯಾಗಿದೆ ಅಲ್ವಾ?" ಎಂದ.

"ಮೊದ್ಲಿಂದ್ಲೂ ಹಾಗೇ ಇದೆ" ಎಂದಳು.

ತಪ್ಪಾಯಿತು ಎಂದು ಹೇಳುವ ಬದಲು ಕಳ್ಳತನ ಮಾಡುವುದು ಇಂಥವರಿಗೆ ಸಲೀಸು. ಮರುದಿನ ಬೆಳಿಗ್ಗೆ ಡಿಟ್ಟೋ ಮೈಕನ್ನು ಗಾಳಿಕಿಂಡಿಯ ಹತ್ತಿರ ಏರಿಸಿ ಕಟ್ಟಿ, ರೆಕಾರ್ಡಿಂಗ್ ಶುರುಮಾಡಿ, ಕೋಣೆಯ ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋದ. ಸಂಜೆ ಬಂದು ಹೆಡ್‌ಫೋನ್ ಹಾಕಿ ಕೇಳಿದರೆ ಇಡೀ ದಿನದ ಅಡುಗೆಮನೆ: ಪಾತ್ರೆ ತೊಳೆಯುವುದು, ತರಕಾರಿಯವನ ಜೊತೆ ಚೌಕಾಸಿ, ದೂರದಲ್ಲಿ ಹೊಲಿಗೆ ಮಷೀನಿನ ಕಟಕಟ. ಅದೆಲ್ಲದರ ನಡುವೆ ಅವಳು ಗುನುಗುತ್ತಿದ್ದಳು. ಕಿಟಕಿ ಹಾಡಷ್ಟೇ ಅಲ್ಲ, ಎಷ್ಟೋ ಹಾಡು. ಅವನು ಮನೆಯಿಂದ ಹೊರಬಿದ್ದ ಕೂಡಲೇ ಶುರುವಾಗಿ, ಅವನು ಬರುವ ಹೊತ್ತಿಗೆ ನಿಲ್ಲುತ್ತಿತ್ತು. ತನ್ನ ಬೆನ್ನ ಹಿಂದೆ ಮನೆ ಇಷ್ಟು ಸುಖವಾಗಿರುತ್ತದೆ ಎಂಬುದು ಅವನಿಗೆ ಹೊಸ ಸುದ್ದಿ. ಬೇರೆ ಯಾರಾದರೂ ಆಗಿದ್ದರೆ ನಾಚಿ ತಲೆ ತಗ್ಗಿಸುತ್ತಿದ್ದರು. ಡಿಟ್ಟೋ ಮಾತ್ರ ಫ್ರಿಜ್ಜಿನ ಸದ್ದು ತುಂಬ ಇದೆಯಲ್ಲ ಎಂದು ಕೊರಗಿದ.

ಕೆಲವು ದಿನ ಹೀಗೆ ಕದ್ದ ಮೇಲೆ ಒಂದು ಒಳ್ಳೆಯ ಗುನುಗು ಸಿಕ್ಕಿತು. ನೀರು ನಿಂತಿತ್ತು, ಫ್ರಿಜ್ಜೂ ಸುಮ್ಮನಿತ್ತು. ಅದನ್ನು ಮೂಲದ ಮೇಲೆ ಇಟ್ಟು ನೋಡಿದ. ಎರಡು ಗೆರೆ ಒಂದೇ ಕಡೆ ಇಳಿದು, ಒಂದೇ ಕಡೆ ಹತ್ತಿದವು. ಅವನ ಬಾಳಿನಲ್ಲಿ ಮೊದಲ ಬಾರಿಗೆ ಒಂದು ದನಿಯ ಯಾವ ಸ್ವರವನ್ನೂ ಅವನು ಮುಟ್ಟಲಿಲ್ಲ. ಒಂದೇ ತೊಡಕು. ಗುನುಗು ಮುಗಿಯುವ ಹೊತ್ತಿಗೆ ಸರಿಯಾಗಿ ಅವಳು ಹಾಲಿನ ಪಾತ್ರೆಗೆ ಮುಚ್ಚಳ ಇಟ್ಟಿದ್ದಳು, ಟಿಣ್ ಎಂದು. ಎಷ್ಟು ಸೋಸಿದರೂ ಆ ಸದ್ದು ಹೋಗಲಿಲ್ಲ; ಅದನ್ನು ತೆಗೆದರೆ ಗುನುಗಿನ ಬಾಲವೂ ಹೋಗುತ್ತಿತ್ತು. ಕೊನೆಗೆ ಅದರ ಮೇಲೆ ಒಂದು ಪುಟ್ಟ ಗಂಟೆಯ ಸದ್ದು ಕೂರಿಸಿದ. ಮೂಲದಲ್ಲಿ ಗಂಟೆ ಇರಲಿಲ್ಲ. ಡಿಟ್ಟೋ ಎಂಬ ಡಿಟ್ಟೋ ಇಲ್ಲದ್ದೊಂದನ್ನು ಹಾಡಿಗೆ ಸೇರಿಸಿದ್ದು ಅದೇ ಮೊದಲು.

ಹಾಲ್‌ನ ಸಂಜೆ ಬಂತು. ಕುರ್ಚಿ ಬಾಡಿಗೆಗೆ ತರುವ ಗೋಜೇಕೆ ಎಂದು ಯಜಮಾನರು ಮಾರಾಟವಾಗದ ಸೋಫಾಗಳನ್ನೇ ಸಾಲಾಗಿ ಹಾಕಿಸಿದ್ದರು, ಪ್ಲಾಸ್ಟಿಕ್ ಹೊದಿಕೆ ತೆಗೆಯದೆ. ಯಾರು ಅಲುಗಾಡಿದರೂ ಬರಬರ ಸದ್ದು. ಬೋರ್ಡಿನಲ್ಲಿ ಯಜಮಾನರ ಹೆಸರು ಬಾಗಿಲಿನಷ್ಟು ದೊಡ್ಡದಾಗಿತ್ತು, ಡಿಟ್ಟೋ ಹೆಸರು ಬೀಗದ ಕೈಯಷ್ಟು. ಅವನು ಅದನ್ನು ಹಲವು ಕೋನಗಳಿಂದ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಎರಡನೇ ಸಾಲಿನ ಸೋಫಾದಲ್ಲಿ ಹೆಂಡತಿ, ಅವಳ ಪಕ್ಕ ತಮ್ಮ.

ಕೊನೆಯಲ್ಲಿ ಕಿಟಕಿ ಹಾಡು. ಯಜಮಾನರು ಮಫ್ಲರ್ ಸಡಿಲಿಸಿ ಮೊದಲ ಚರಣವನ್ನು ಹೇಗೋ ದಾಟಿಸಿದರು. ವಾದ್ಯಗಳು ನಿಂತವು. ಸ್ಪೀಕರಿನಿಂದ ಗುನುಗು ಹೊರಟಿತು. ಆ ತಗ್ಗಿಗೆ ಬಂದು, ಇಳಿದು, ಕೊಂಚ ಕಾದು, ಹತ್ತಿತು. ಆಗ ಪ್ಲಾಸ್ಟಿಕ್ಕು ಕೂಡ ಸದ್ದು ಮಾಡಲಿಲ್ಲ. ಕೊನೆಗೆ ಟಿಣ್ ಎಂಬ ಗಂಟೆ. ಎರಡನೇ ಸಾಲಿನಲ್ಲಿ ಒಬ್ಬಳು ಮಾತ್ರ ತಲೆ ಎತ್ತಿ ಸ್ಪೀಕರಿನ ಕಡೆ ನೋಡಿದಳು, ಆಮೇಲೆ ಗಂಡನ ಕಡೆ ನೋಡಿದಳು. ಡಿಟ್ಟೋ ಕಂಪ್ಯೂಟರಿನ ಮೇಲೆ ಬಗ್ಗಿ ಇಲ್ಲದ ಕೆಲಸ ಹುಡುಕಿಕೊಂಡ.

ಹಾಡು ಮುಗಿದು ಚಪ್ಪಾಳೆ ಬಿತ್ತು. ಅದು ಯಾರಿಗೆ ಬಿದ್ದ ಚಪ್ಪಾಳೆ ಎಂದು ಯಜಮಾನರಿಗೂ ಅನುಮಾನ ಬಂದಿರಬೇಕು. ಮೈಕಿನಲ್ಲೇ ಕೇಳಿದರು: "ಡಿಟ್ಟೋ ಅವ್ರೇ, ಎಲ್ರೂ ಕೇಳ್ತಿದಾರೆ. ಆ ಹಮ್ಮಿಂಗ್ ಯಾರದ್ದು?"

ಹೇಳಬೇಕಾದ ಮಾತಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹಾಲ್ ತುಂಬ ಜನ, ಎದುರಿಗೇ ಅವಳು, ಯಜಮಾನರು ಕೈಗಿತ್ತ ಮೈಕು. ಒಂದು ಬೆರಳು ತೋರಿಸಿದ್ದರೂ ಸಾಕಿತ್ತು. ಡಿಟ್ಟೋ ಬೋರ್ಡಿನಲ್ಲಿದ್ದ ತನ್ನ ಹೆಸರಿನ ಕಡೆ ಒಮ್ಮೆ ನೋಡಿದ. ಅದರ ಪಕ್ಕ ಇನ್ನೊಂದು ಹೆಸರಿಗೆ ಜಾಗವಿಲ್ಲ ಎನ್ನಿಸಿತೋ ಏನೋ.

"ಯಾರದ್ದೂ ಅಲ್ಲ" ಎಂದ. "ಕಂಪ್ಯೂಟರಲ್ಲಿ ನಾನೇ ಮಾಡಿದ್ದು."

ಹಾಲ್ ಬೆರಗಾಗಿ "ಓಹೋ" ಎಂದಿತು. ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಜೋರಾಗಿ. ತಮ್ಮನೂ ಭಾವನ ಜೊತೆಗಿನ ಹಳೇ ಜಗಳ ಮರೆತು ಚಪ್ಪಾಳೆ ತಟ್ಟಲು ಹೊರಟು, ಅಕ್ಕನ ಮುಖ ನೋಡಿ ಕೈ ಕೆಳಗಿಳಿಸಿದ.

ಮನೆಗೆ ಬರುವ ದಾರಿಯುದ್ದಕ್ಕೂ ಡಿಟ್ಟೋ ಸ್ಪೀಕರುಗಳ ದೋಷಗಳನ್ನು ವಿವರಿಸಿದ. ಮರುದಿನ ಬೆಳಿಗ್ಗೆ ಅವಳು ಹಾಲು ಕಾಯಿಸಿ, ಪಾತ್ರೆಯನ್ನು ಕೆಳಗಿಳಿಸಿ, ಮುಚ್ಚಳವನ್ನು ಅವನ ಮುಂದೆಯೇ ಎತ್ತಿ ಇಟ್ಟಳು. ಟಿಣ್ ಎಂದಿತು.

"ಗಂಟೆ ಚೆನ್ನಾಗಿತ್ತು" ಎಂದಳು.

ಡಿಟ್ಟೋ ಲೋಟವನ್ನು ಮೇಜಿನ ಮೇಲಿಟ್ಟ. "ಅದು... ನಿಂಗೆ ಹೇಳೋಣ ಅಂತಾನೇ ಇದ್ದೆ. ಮುಗೀಲಿ ಅಂತ..."

"ಏನು ಹೇಳೋಕಿತ್ತು?"

"ಅದೇ, ದನಿ ನಿಂದೇ ಅಂತ."

"ನಂದ್ಯಾಕಾಗುತ್ತೆ? ನಂದು ನೆಲ ಗುಡಿಸುತ್ತಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ, ಲೆಕ್ಕಕ್ಕಿಲ್ಲದವರೊಡನೆ ಮಾತಾಡುವ ಹಾಗೆ ಮಾತಾಡುತ್ತಿದ್ದಳು. "ಯಾರದ್ದೂ ಅಲ್ಲ ಅಂತ ಅಷ್ಟು ಜನರ ಮುಂದೆ ಹೇಳಿದ್ರಿ. ಸರಿಯಾಗೇ ಹೇಳಿದ್ರಿ. ಹಾಲು ಕುಡೀರಿ, ಕೆನೆ ಕಟ್ತಿದೆ."

ಹಾಲು ಕುಡಿದ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ. ಅಷ್ಟು ದೊಡ್ಡ ಸಭೆಯಲ್ಲಿ ಅವಳ ದನಿಯನ್ನು ಕೇಳಿಸಿದವನು ತಾನು, ಅದಕ್ಕೊಂದು ಕೃತಜ್ಞತೆಯೂ ಬೇಡವೇ ಎಂಬುದು ಅವನ ವಾದ. ಈ ವಾದವನ್ನು ಅವನು ಹೊರಗೆ ಯಾರ ಮುಂದೆಯೂ ಆಡುವಂತಿರಲಿಲ್ಲ, ಆಡಿದರೆ ಕಂಪ್ಯೂಟರಿನ ಬಣ್ಣ ಬಯಲಾಗುತ್ತಿತ್ತು. ಹಾಗಾಗಿ ಪೇಂಟ್ ಅಂಗಡಿಯ ಗಿರಾಕಿಗಳ ಮೇಲೆ ಹರಿಹಾಯ್ದ.

ಅಷ್ಟರಲ್ಲಿ ಯಜಮಾನರು ಮತ್ತೆ ಬಂದರು. ಇನ್ನೊಂದು ಸಂಜೆ, ಇನ್ನೊಂದು ಹಾಡು. ಅದರಲ್ಲೂ ನಡುವೆ ಒಂದು ಹೆಣ್ಣುದನಿ ಬರುತ್ತದೆ. "ನಿಮಗೇನ್ ಕಷ್ಟ ಡಿಟ್ಟೋ ಅವ್ರೇ? ಆ ಕಂಪ್ಯೂಟರ್ ಹೆಂಗಸನ್ನೇ ಹಾಡಿಸಿಬಿಡಿ. ಈ ಸಲ ಬೋರ್ಡಲ್ಲಿ ನಿಮ್ಮ ಹೆಸರು ದೊಡ್ಡದು ಮಾಡಿಸ್ತೀನಿ."

ಪ್ಯಾಸೇಜಿನಲ್ಲಿ ಹೊಲಿಗೆ ಮಷೀನು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಡಿಟ್ಟೋ "ಆಗ್ಲಿ ಸಾರ್" ಎಂದ.

ಅವಳನ್ನು ಕೇಳುವ ಯೋಚನೆ ಈ ಸಲವೂ ಬಂತು, ಬಂದ ಹಾಗೇ ಹೋಯಿತು. ಮರೆತಿರುತ್ತಾಳೆ, ಇವೆಲ್ಲ ಎಷ್ಟು ದಿನ, ಎಂದುಕೊಂಡ. ಮೈಕನ್ನು ಗಾಳಿಕಿಂಡಿಗೆ ಕಟ್ಟಿ, ರೆಕಾರ್ಡಿಂಗ್ ಒತ್ತಿ, ಏನೂ ಆಗದವನಂತೆ "ಬರ್ತೀನಿ" ಎಂದು ಕೆಲಸಕ್ಕೆ ಹೋದ. ದಿನವಿಡೀ ಬಣ್ಣದ ಡಬ್ಬಿ ಅಲುಗಾಡಿಸುತ್ತಲೇ ಆ ಹೊಸ ಹಾಡಿನ ದನಿಯನ್ನು ಅವಳ ಗಂಟಲಿನಲ್ಲಿ ಕಲ್ಪಿಸಿಕೊಂಡ.

ಸಂಜೆ ಬಂದು, ಕೈಕಾಲು ತೊಳೆಯದೆ, ಕೋಣೆಗೆ ನುಗ್ಗಿ ಹೆಡ್‌ಫೋನ್ ಏರಿಸಿದ. ಮೊದಲು ಅವನದೇ ಹೆಜ್ಜೆ, ಅವನದೇ "ಬರ್ತೀನಿ". ಬಾಗಿಲು ಹಾಕಿದ ಸದ್ದು. ಆಮೇಲೆ ಗುನುಗು ಶುರುವಾಗುತ್ತಿದ್ದ ಹೊತ್ತು. ನಲ್ಲಿ ತಿರುಗಿತು, ನೀರು ಬಿತ್ತು, ನಿಂತಿತು. ತಟ್ಟೆಯ ಮೇಲೆ ತಟ್ಟೆ. ಪೊರಕೆ. ಫ್ಯಾನು. ಅವನು ಮುಂದೆ ಓಡಿಸಿ ಕೇಳಿದ, ಹಿಂದೆ ತಂದು ಕೇಳಿದ, ಸದ್ದು ಎಷ್ಟು ಹೆಚ್ಚಿಸಬಹುದೋ ಅಷ್ಟು ಹೆಚ್ಚಿಸಿದ. ಪರದೆಯ ಮೇಲೆ ಹಸಿರು ಗೆರೆ ಎಲ್ಲಿಯೂ ಮೂಡಲಿಲ್ಲ. ಅವನಿಲ್ಲದ ಮನೆಯೂ ಈಗ ಅವನಿರುವ ಮನೆಯ ಹಾಗೆಯೇ ಇತ್ತು.

ರೆಕಾರ್ಡಿಂಗಿನ ಕೊನೆಯಲ್ಲಿ ಕೋಣೆಯ ಬಾಗಿಲು ತೆರೆದ ಸದ್ದು ಬಂತು. ಕುರ್ಚಿ ಎಳೆದದ್ದು, ಅದರ ಮೇಲೆ ಹತ್ತಿ ನಿಂತದ್ದು. ಉಸಿರು ಮೈಕಿಗೆ ತೀರ ಹತ್ತಿರ ಬಂತು. ಆಮೇಲೆ ಅವಳ ದನಿ, ಅಂಗಡಿಯವನಿಗೆ ಚಿಲ್ಲರೆ ಸರಿಯಿದೆ ಎಂದು ಹೇಳುವಾಗ ಇರುವಂಥ ದನಿ:

"ರೀ, ಕೆಂಪು ದೀಪ ಉರೀತಾ ಇದೆ. ಸುಮ್ನೆ ಕರೆಂಟ್ ದಂಡ, ಆಫ್ ಮಾಡ್ತಿದೀನಿ. ಹಾಡೋರು ಯಾರೂ ಇಲ್ಲ ಇಲ್ಲಿ."

ಟಕ್ ಎಂದಿತು. ಅಲ್ಲಿಗೆ ರೆಕಾರ್ಡಿಂಗ್ ಮುಗಿದಿತ್ತು.

ಡಿಟ್ಟೋ ಹೆಡ್‌ಫೋನ್ ತೆಗೆಯದೆ ಕೂತೇ ಇದ್ದ. ಗೋಡೆಯಾಚೆ ಅವಳು ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ಎದ್ದು ಹೋದರೆ ಎಂಟು ಹೆಜ್ಜೆಯೂ ಆಗುತ್ತಿರಲಿಲ್ಲ. ಅವನು ಆ ಮಾತಿನ ತುಣುಕನ್ನು ಇನ್ನೊಮ್ಮೆ ಹಾಕಿ ಕೇಳಿದ. ಮತ್ತೊಮ್ಮೆ ಕೇಳಿದ. ಆಮೇಲೆ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, ಅವಳ ಮಾತಿನ ಹಿಂದಿದ್ದ ಫ್ಯಾನಿನ ಸದ್ದನ್ನು ತೆಗೆಯಲು ಶುರುಮಾಡಿದ.